ಅತ್ತೆಯ ಕಾಲಿನ ಹೆಬ್ಬೆರಳು

ಆಶಾರಾಣಿ ಎಲೆಕ್ಟ್ರಾನಿಕ್ ಸಿಟಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಅನಸ್ತೇಷಿಯಾ ಟೆಕ್ನಿಷಿಯನ್. ಗುರುತು ಪರಿಚಯವಿಲ್ಲದವರೆಲ್ಲ ಅವಳನ್ನು ನಂಬಿ ಆಪರೇಷನ್ ಟೇಬಲ್ ಮೇಲೆ ಕಣ್ಣು ಮುಚ್ಚುತ್ತಿದ್ದರು. ಸಿಂಗಸಂದ್ರದ ಮನೆಯಲ್ಲಿದ್ದ ಅತ್ತೆ ಪಿಳ್ಳಮ್ಮನನ್ನು ಮಾತ್ರ ಆಪರೇಷನ್‌ಗೆ ಒಪ್ಪಿಸಲು ಅವಳಿಂದಾಗಲಿಲ್ಲ.

ಸಕ್ಕರೆ ಕಾಯಿಲೆಯಿಂದ ಪಿಳ್ಳಮ್ಮನ ಕಾಲಿನ ಹೆಬ್ಬೆರಳು ಕಪ್ಪಾಗುತ್ತಿತ್ತು. ಬೆರಳು ತೆಗೆದರೆ ಪಾದ ಉಳಿಯುತ್ತದೆ ಎಂದಿದ್ದರು ಡಾಕ್ಟರು.

"ಕೊಯ್ಯೋದು ಬ್ಯಾಡ ಕಣಮ್ಮ. ನಮ್ಮಣ್ಣನ್ನ ಕೊಯ್ದಿದ್ದು ಕಣ್ಣಾರೆ ನೋಡಿವ್ನಿ."

ಅಣ್ಣನ ಕಾಲು ಗಾಡಿಯ ಚಕ್ರಕ್ಕೆ ಸಿಕ್ಕಿ ನುಜ್ಜುಗುಜ್ಜಾದಾಗ ಪಿಳ್ಳಮ್ಮ ಇನ್ನೂ ಹುಡುಗಿ. ಹಳ್ಳಿಯ ನಾಟಿ ವೈದ್ಯ ಕತ್ತರಿಸಿದ. ಬಾಯಿಗೆ ಟವಲ್ ತುರುಕಿ, ಗಂಡಾಳುಗಳು ಅದುಮಿ ಹಿಡಿದಿದ್ದರು. ಗಾಯಕ್ಕೆ ಕಾದ ಎಣ್ಣೆ ಸುರಿದರು. ಕೊಯ್ದಾಗ ಬದುಕುಳಿದ ಅಣ್ಣ ಆಮೇಲೆ ಗಾಯದಲ್ಲಿ ಕೀವು ತುಂಬಿ ಸತ್ತ.

ಓದುವಾಗ ಕಲಿತದ್ದು ಈಗ ಉಪಯೋಗಕ್ಕೆ ಬರುತ್ತದೆಂದು ಆಶಾರಾಣಿಗೆ ಅನಿಸಿತು. "ಮೊದ್ಲು ಫಾರಿನ್‌ನಲ್ಲೂ ಹಂಗೇ ಅತ್ತೆ. ಪ್ರಜ್ಞೆ ತಪ್ಸೋ ಔಷಧಿ ಇರ್ಲಿಲ್ಲ. ಯಾರು ಬೇಗ ಕೊಯ್ತಾರೋ ಅವ್ರೇ ದೊಡ್ಡ ಡಾಕ್ಟ್ರು. ಕೈ ಕೂಡ ತೊಳೀತಿರ್ಲಿಲ್ಲ, ರಕ್ತ ಮೆತ್ತಿದ ಕೋಟಲ್ಲೇ ಇನ್ನೊಬ್ಬರನ್ನ ಮುಟ್ಟೋರು. ಆಮೇಲೆ ಕ್ಲೋರೋಫಾರ್ಮ್ ಬಂತು, ಕ್ರಿಮಿ ಸಾಯ್ಸೋ ಔಷಧಿ ಬಂತು."

"ಯಾವಾಗ ಬಂತು?"

"ನೂರೈವತ್ತು ವರ್ಷದ ಮೇಲಾಯ್ತು."

"ಅಂಗಾದ್ರೆ ನಮ್ಮಣ್ಣನ ಕಾಲಕ್ಕೂ ಇತ್ತಾ?"

ಆಶಾರಾಣಿ ತಡವರಿಸಿದಳು. "ಬೆಂಗ್ಳೂರಿನ ದೊಡ್ಡಾಸ್ಪತ್ರೇಲಿ ಇತ್ತು ಅತ್ತೆ."

ಪಿಳ್ಳಮ್ಮನ ಮುಖ ಬಿಗಿಯಿತು. "ನಮ್ಮೂರಿಗೆ ಇಷ್ಟು ಅತ್ರ ಇದ್ದಿದ್ದು ಅವನಿಗೆ ಸಿಗ್ಲಿಲ್ಲ. ನಂಗೂ ಬ್ಯಾಡ, ಓಗು."

ಆಮೇಲೆ ಆಶಾರಾಣಿ ಆ ಮಾತೆತ್ತಿದಾಗಲೆಲ್ಲ ಪಿಳ್ಳಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಗಂಡ ನಂದೀಶನಾದರೂ ಹೇಳುತ್ತಾನೆಂದುಕೊಂಡರೆ ಅವನು, "ಅಮ್ಮ ಬೇಡ ಅಂದ್ರೆ ಬಿಡು. ಬಲವಂತ ಮಾಡೋಕಾಗತ್ತಾ?" ಎಂದು ಯಾರೋ ಹೇಳಿದ ಮುಲಾಮು ತಂದ. ಆಶಾರಾಣಿ ದಿನವೂ ಬ್ಯಾಂಡೇಜ್ ಬಿಚ್ಚಿ ಕಪ್ಪು ಮೇಲೇರುವುದನ್ನು ನೋಡುತ್ತ ಹಲ್ಲು ಕಚ್ಚಿಕೊಂಡಳು.

ಕೊನೆಗೆ ಜ್ವರ ಏರಿ ಪಿಳ್ಳಮ್ಮ ಬಡಬಡಿಸತೊಡಗಿದಾಗ ನಂದೀಶನೇ ಆಂಬುಲೆನ್ಸ್ ಕರೆಸಿ ಆಶಾರಾಣಿಯ ಆಸ್ಪತ್ರೆಗೇ ಸೇರಿಸಿದ. ಅಷ್ಟರಲ್ಲಿ ನಂಜು ಪಾದ ದಾಟಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಲೇಬೇಕಾಯಿತು. ಡಾಕ್ಟರು ಮೊಣಕೈವರೆಗೆ ಉಜ್ಜಿ ತೊಳೆದು ಬಂದರು. ಆಶಾರಾಣಿ ಅತ್ತೆಯ ತಲೆಯ ಬಳಿ ನಿಂತಳು. ಪಿಳ್ಳಮ್ಮ ಒಮ್ಮೆಯೂ ನರಳಲಿಲ್ಲ. ಮಾಸ್ಕಿನೊಳಗೆ ಆಶಾರಾಣಿಗೆ ಸಿಟ್ಟಿನಿಂದ ಅಳು ಬಂತು.

"ಸದ್ಯ, ಜೀವ ಉಳೀತಲ್ಲ," ಎಂದ ನಂದೀಶ ಹೊರಗೆ.

"ಒಂದು ಬೆರಳಲ್ಲಿ ಮುಗಿಯೋದಿತ್ತು ಕಣ್ರೀ!"

ನಂದೀಶ ಮೊಬೈಲ್ ತೆಗೆದ. ವೀಲ್‌ಚೇರ್ ಎಲ್ಲಿ ಸಿಗುತ್ತದೆಂದು ಕೇಳಲು ಯಾರಿಗೋ ಫೋನ್ ಮಾಡಿದ.