ಕಾನ್ಹೇರಿಯಲ್ಲಿ ಒರೆಸಿದ ಕಲ್ಲು

ಮುಂಬೈಯ ಬೋರಿವಲಿಯ ನ್ಯಾಷನಲ್ ಪಾರ್ಕಿಗೆ ಅಪ್ಪ ನನ್ನನ್ನು ಚಿಕ್ಕಂದಿನಲ್ಲಿ ಕರೆದೊಯ್ದಿದ್ದರು ಎಂದು ನನ್ನ ನಂಬಿಕೆ. ಕಾನ್ಹೇರಿ ಗುಹೆಗಳ ಮೆಟ್ಟಿಲು, ಅಪ್ಪನ ಹೆಗಲು, ಅವರ ಅಂಗಿಯ ಸಾಂಬಾರಿನ ವಾಸನೆ. ಆದರೆ ಆ ವಾಸನೆ ಅವರ ಎಲ್ಲ ಅಂಗಿಗಳಿಗೂ ಇತ್ತು; ಬೇರೆ ಯಾವುದೋ ದಿನದ್ದನ್ನು ತಂದು ನಾನೇ ಆ ದಿನಕ್ಕೆ ಹೊಲಿದಿರಬಹುದು. ಅಮ್ಮ ಈಗಿಲ್ಲ. ಕೇಳಿ ಖಚಿತಪಡಿಸಿಕೊಳ್ಳಲು ಉಳಿದಿರುವವರು ಅಪ್ಪ ಒಬ್ಬರೇ, ಅವರಿಗೆ ಮರೆವಿನ ಕಾಯಿಲೆ. ಕೆಲವು ವಾರಗಳಿಂದ ನನ್ನ ಗುರುತೂ ಹತ್ತುತ್ತಿರಲಿಲ್ಲ. ಆ ಜಾಗ ನೋಡಿದರೆ ಗುರುತು ಮರಳೀತು ಎಂಬ ಆಸೆಯಿಂದ ಕಳೆದ ಚಳಿಗಾಲದಲ್ಲಿ ಕಾಂದಿವಲಿಯ ಮನೆಯಿಂದ ಅವರನ್ನು ಹೊರಡಿಸಿದೆ.

ಪಾರ್ಕಿನ ಬಸ್ಸಿನ ಕಿಟಕಿಯಾಚೆ ಚುಕ್ಕೆಜಿಂಕೆಗಳು ನಿಂತಿದ್ದವು.

"ಅಪ್ಪ, ಜಿಂಕೆ."

"ಹೌದು. ಚಂದ ಉಂಟು," ಎಂದರು, ಪಕ್ಕದ ಸೀಟಿನ ಅಪರಿಚಿತರಿಗೆ ಹೇಳುವ ಸೌಜನ್ಯದಲ್ಲಿ.

ಮೇಲೆ ಒಂದು ದೊಡ್ಡ ಗುಹೆಯೊಳಗೆ ಹೋದೆವು. ಅದರಲ್ಲಿ ಉದ್ದಕ್ಕೂ ತಗ್ಗಾದ ಎರಡು ಕಲ್ಲಿನ ಕಟ್ಟೆಗಳಿವೆ. ಬೌದ್ಧ ಭಿಕ್ಷುಗಳು ಸಾಲಾಗಿ ಕೂರುತ್ತಿದ್ದರಂತೆ. ಅಪ್ಪ ನಿಂತುಬಿಟ್ಟರು. ಪರೇಲಿನ ಉಡುಪಿ ಹೋಟೆಲೊಂದರಲ್ಲಿ ತಲೆ ನೆರೆಯುವ ತನಕ ಸಪ್ಲೈಯರ್ ಆಗಿದ್ದವರು. ಹೆಗಲ ಮೇಲಿನ ಬೈರಾಸ ತೆಗೆದು ಕಟ್ಟೆಯ ಧೂಳನ್ನು ಒಂದೇ ಎಳೆತದಲ್ಲಿ ಒರೆಸಿದರು.

"ಕೂತ್ಕೊಳ್ಳಿ. ಎಂತ ಕೊಡ್ಲಿ?"

ಕೂತೆ. ಬೇರೇನು ಮಾಡಬಹುದಿತ್ತೋ ಇಂದಿಗೂ ತಿಳಿಯದು.

"ಇಡ್ಲಿ."

"ಇಡ್ಲಿ ಖಾಲಿ. ಬೆಳಿಗ್ಗೆ ಬೇಗ ಬರ್ಬೇಕಿತ್ತು ನೀವು. ಬನ್ಸ್ ಬಿಸಿ ಉಂಟು. ಒಬ್ರೇಯಾ?"

"ಇಲ್ಲ, ಅಪ್ಪನ ಜೊತೆ ಬಂದೆ."

"ಎಲ್ಲಿ ಅವರು?"

ಏನಾದರೂ ಅಲುಗೀತೇ ಎಂದು ಅವರ ಮುಖವನ್ನೇ ನೋಡಿದೆ. ಅವರು ಆರ್ಡರಿಗೆ ಕಾಯುತ್ತಿದ್ದರು, ಅಷ್ಟೇ.

"ಕೈ ತೊಳೀಲಿಕ್ಕೆ ಹೋಗಿದ್ದಾರೆ," ಎಂದೆ.

"ಬರ್ಲಿ ಬರ್ಲಿ. ಅಷ್ಟರಲ್ಲಿ ನೀರು ಇಡ್ತೇನೆ." ನನ್ನ ಚೀಲದಿಂದಲೇ ಬಾಟಲಿ ತೆಗೆದು ನನ್ನ ಮುಂದಿಟ್ಟರು.

ಹೀಗೆ ಎಷ್ಟು ಹೊತ್ತು ಇದ್ದೆವೋ. ಕಾವಲುಗಾರ ಸೀಟಿ ಊದುತ್ತಾ ಬಂದು, ಕೊನೆಯ ಬಸ್ಸು ಹೊರಡುತ್ತದೆ, ಏಳಿ ಎಂದ. ನಾನು ಎದ್ದು ಅಪ್ಪನ ತೋಳು ಹಿಡಿದೆ. ಅವರು ಮೆಲ್ಲಗೆ ಬಿಡಿಸಿಕೊಂಡು, ನನ್ನನ್ನು ಮತ್ತೆ ಕೂರಿಸಿ, ಗಿರಾಕಿಯ ಪರ ವಹಿಸಿದವರಂತೆ ಅವನಿಗೆ ತಮ್ಮ ಮುಂಬೈ ಹಿಂದಿಯಲ್ಲಿ ಹೇಳಿದರು:

"ಜರಾ ರುಕೋ ಭಾಯ್. ಇನ್‌ಕಾ ಬಾಪ್ ಆನೇ ಕಾ ಹೈ."

ಇವರ ಅಪ್ಪ ಇನ್ನೂ ಬರಬೇಕಿದೆ ಎಂದು. ಕಾವಲುಗಾರ ಗುಹೆಯ ಬಾಯಿಯ ಕಡೆ ನೋಡಿದ. ನಾನೂ ನೋಡಿದೆ.