ಒಲೆಗೆ ಹೋದ ರೊಟ್ಟಿ

ಸೊಲ್ಲಾಪುರದ ಹತ್ತಿರ, ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಖಡಕ್ ರೊಟ್ಟಿ ಕಾರ್ಖಾನೆಯೊಂದು ನೀಲಾಬಾಯಿಗೆ ಒಂಬೈನೂರ ನಲವತ್ತು ರೂಪಾಯಿ ಕೊಡುವುದು ಬಾಕಿ ಇದೆ. ಅವಳ ಜೊತೆ ರೊಟ್ಟಿ ಬಡಿಯುವ ಇನ್ನೂ ಮೂವತ್ತು ಹೆಂಗಸರಿಗೂ ಹೆಚ್ಚುಕಡಿಮೆ ಅಷ್ಟಷ್ಟೇ ಬಾಕಿ. ಮೂರು ತಿಂಗಳು ಅವರ ಪಗಾರದಿಂದಲೇ ಹಿಡಿದುಕೊಂಡ ಹಣ ಅದು. ಇದೇನು ಮಹಾ ಹಣ ಅನ್ನುವವರು ಅವಳ ಹಂಚಿನ ಮುಂದೆ ಎರಡು ತಾಸು ಕೂತು ನೋಡಲಿ.

ನೀಲಾಬಾಯಿ ಅಕ್ಕಲಕೋಟೆ ತಾಲೂಕಿನವಳು. ಮನೆಗೆ ಆರು ಎಕರೆ ಹೊಲವಿದೆ. ಜೋಳ, ತೊಗರಿ ಬೆಳೆಯುತ್ತಾರೆ. ಬೆಳೆದ ಮಾಲಿನ ರೊಕ್ಕ ಗಂಡ ಕಲ್ಯಾಣಪ್ಪನ ಜೇಬಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತೆಂದು ಕೇಳುವ ರೂಢಿ ಆ ಮನೆಯಲ್ಲಿಲ್ಲ. ಮಗಳು ಸ್ನೇಹಲಳ ಕಾಲೇಜಿಗೆಂದು ಸೊಲ್ಲಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು ಇಬ್ಬರೂ ಅಲ್ಲಿಗೆ ಬಂದ ವರ್ಷವೇ ನೀಲಾಬಾಯಿ ಕಾರ್ಖಾನೆ ಸೇರಿದಳು. ನಲವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ತನ್ನ ಹೆಸರಿನ ಪಗಾರ. ಅದರಲ್ಲಿ ಒಂದು ರೂಪಾಯಿ ಕಡಿಮೆ ಬಂದರೂ ಅವಳಿಗೆ ಉರಿಯುತ್ತಿತ್ತು.

ಕಡಿಮೆ ಮಾಡಿದವನು ಮ್ಯಾನೇಜರ್ ಮಂದಾರ. ಸೊಲ್ಲಾಪುರದ ಹಳೆಯ ವಕೀಲರ ಮನೆತನದ ಹುಡುಗ. ಕೆಟ್ಟವನಲ್ಲ, ಓದಿಕೊಂಡವನು, ಅಷ್ಟೇ. ದಿನಕ್ಕೆ ಎರಡು ದೊಡ್ಡ ಡಬ್ಬಿ ತುಂಬ ಒಡೆದ ರೊಟ್ಟಿ ಹೊರಗೆ ಹೋಗುವುದನ್ನು ನೋಡಿ ‘ಅನ್ನ ಉಳಿಸಿ’ ಎಂಬ ಯೋಜನೆ ತಂದ. ಗೋಡೆಗೆ ಲೆಕ್ಕದ ಬೋರ್ಡು, ಬಾಗಿಲಲ್ಲಿ ಸಲಹೆ ಪೆಟ್ಟಿಗೆ, ಒಡೆದ ಒಂದೊಂದು ರೊಟ್ಟಿಗೆ ಪಗಾರದಲ್ಲಿ ಒಂದು ರೂಪಾಯಿ ಕಪಾತ, ಅಂದರೆ ಕಡಿತ. ಪೆಟ್ಟಿಗೆಯಲ್ಲಿ ಹದಿನೈದು ದಿನಕ್ಕೆ ಸಿಕ್ಕದ್ದು ತಂಬಾಕಿನ ಒಂದು ಖಾಲಿ ಚೀಟು. ಕಪಾತ ಮಾತ್ರ ಕೆಲಸ ಮಾಡಿತು. ಎರಡನೆಯ ತಿಂಗಳಿಗೆ ಎರಡು ಡಬ್ಬಿ ಅರ್ಧ ಡಬ್ಬಿಗೆ ಇಳಿಯಿತು. ಮಂದಾರ ಎಲ್ಲರಿಗೂ ಪೇಢೆ ಹಂಚಿದ.

ಹೆಂಗಸರು ಪೇಢೆ ತಿಂದು ಸೆರಗಿನ ಮರೆಯಲ್ಲಿ ನಕ್ಕರು. ಪ್ಯಾಕೆಟ್ಟಿನ ಮೇಲೆ ‘ಕಟ್ಟಿಗೆ ಒಲೆಯ ರೊಟ್ಟಿ’ ಎಂದು ಅಚ್ಚು ಹಾಕಿಸಿದ್ದರಿಂದ ಅಲ್ಲಿ ಉರಿಯುವುದು ಕಟ್ಟಿಗೆಯೇ. ಒಡೆದ ರೊಟ್ಟಿ ಡಬ್ಬಿಗೆ ಹಾಕಿದರೆ ಎಣಿಕೆಗೆ ಸಿಗುತ್ತದೆ, ಒಲೆಗೆ ನೂಕಿದರೆ ಬೂದಿ. ನೀಲಾಬಾಯಿಯೂ ನೂಕಿದಳು. ಜೋಳ ಬೆಳೆಯುವ ಮನೆಯವಳು; ಮೊದಲ ದಿನ ಕೈ ಹಿಂಜರಿಯಿತು, ಎರಡನೆಯ ದಿನ ಇಲ್ಲ.

ಆದರೆ ಒಳಗೆ ಹೋದ ಹಿಟ್ಟಿಗೂ ಹೊರಗೆ ಬಂದ ಪ್ಯಾಕೆಟ್ಟಿಗೂ ತಾಳೆಯಾಗಲಿಲ್ಲ. ಮಂದಾರ ಕಳ್ಳತನ ಎಂದುಕೊಂಡ. ಗೇಟಿನಲ್ಲಿ ಚೀಲ ತಪಾಸಣೆ ಶುರುವಾಯಿತು. ಮೂರನೆಯ ಸಂಜೆ ವಾಚ್‌ಮನ್, ಎಲ್ಲರಿಗಿಂತ ಹಿರಿಯಳಾದ ಸಾವಿತ್ರಿಬಾಯಿಯ ಊಟದ ಡಬ್ಬಿ ಬಿಚ್ಚಿಸಿ ಬೋರಲು ಹಾಕಿದ. ಬಿದ್ದದ್ದು ಅರ್ಧ ಕಚ್ಚಿದ ಹಸಿಮೆಣಸಿನಕಾಯಿ.

“ಹಿಡೀಪಾ, ಮಾಲು ಸಿಕ್ತು. ಪೊಲೀಸರನ್ನ ಕರಿ,” ಅಂದಳು ಸಾವಿತ್ರಿಬಾಯಿ. ಯಾರೂ ನಗಲಿಲ್ಲ.

ನೀಲಾಬಾಯಿ ಚಪ್ಪಲಿಯನ್ನೂ ಬಿಡದೆ ಮಂದಾರನ ಕೋಣೆಗೆ ನಡೆದಳು.

“ಸಾಹೇಬ್ರ, ರೊಟ್ಟಿ ಎಲ್ಲಿ ಹೋಗಾಕತ್ತಾವ ನಾ ತೋರಸ್ತೀನಿ. ಮೊದಲ ಕಪಾತ ಬಂದ್ ಮಾಡ್ರಿ. ಹಿಡದದ್ದೂ ವಾಪಸ್ ಕೊಡ್ರಿ.”

“ಕೊಡೂಣು ಮಾವಶಿ, ಮಾತು ಕೊಟ್ಟೀನಿ. ತೋರಸ್ರಿ,” ಅಂದ ಮಂದಾರ. ಹೆಂಗಸರನ್ನೆಲ್ಲ ಅವನು ಹಾಗೇ, ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದ.

ಅವಳು ಒಲೆಯ ಬೂದಿ ಕೆದರಿದಳು. ಅರ್ಧ ಸುಟ್ಟ ರೊಟ್ಟಿಯಂಚುಗಳು ಹೊರಬಂದವು.

“ಅರೇ ದೇವಾ! ಸುಡಾಕತ್ತೀರೇನು?”

“ಮತ್ತೇನ್ ಮಾಡೂದ್ರಿ? ಡಬ್ಬ್ಯಾಗ ಹಾಕಿದ್ರ ನೀವು ನಮ್ಮ ಪಗಾರ ಸುಡತೀರಿ.”

“ಆದ್ರ ಇಷ್ಟ್ಯಾಕ ಒಡೀತಾವ? ಕೈ ಚಲೋ ಇಲ್ಲೇನು?”

ಮನೆಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದ ಕೈಯ ಬಗ್ಗೆ ಆತ ಹೀಗೆ ಕೇಳುತ್ತಿದ್ದ. ನೀಲಾಬಾಯಿ ಕಾರ್ಖಾನೆಯ ಹಿಟ್ಟಿನ ಚೀಲದಿಂದ ಒಂದು ಹಿಡಿ ತೆಗೆದು ಅವನ ಬೊಗಸೆಗೆ ಹಾಕಿದಳು.

“ಇದು ಬೀಸಿ ಎಷ್ಟ ದಿನ ಆತು?”

“ಹದಿನೈದು. ಒಮ್ಮೆಲೆ ಬೀಸಿದ್ರ ಸಸ್ತಾ ಬೀಳ್ತದ.”

“ಹಳೇ ಹಿಟ್ಟಿಗೆ ಜಿಗಿ ಇರಂಗಿಲ್ರಿ. ಅಂಚು ಸೀಳ್ತದ, ಒಣಗಿದ ಮ್ಯಾಲ ಒಡೀತದ. ನಿಮ್ಮ ಮನ್ಯಾಗ ರೊಟ್ಟಿ ಯಾರ್ ಬಡಿತಾರ?”

“ನಮ್ಮ ಮನ್ಯಾಗ ಚಪಾತಿ, ಮಾವಶಿ.”

“ಅದಕ್ಕ.”

ಮರುದಿನ ಮುಂಜಾನೆ ಬೀಸಿ ತಂದ ಹಿಟ್ಟಿನಲ್ಲಿ ನೂರು, ಹಳೆಯ ಹಿಟ್ಟಿನಲ್ಲಿ ನೂರು ರೊಟ್ಟಿ ಅವಳೇ ಬಡಿದಳು. ಹಳೆಯದರಲ್ಲಿ ಹತ್ತೊಂಬತ್ತು ಒಡೆದವು, ಹೊಸದರಲ್ಲಿ ಮೂರು. ಈಗ ಅಲ್ಲಿ ದಿನ ಬಿಟ್ಟು ದಿನ ಬೀಸುತ್ತಾರೆ. ಇದು ಎಲ್ಲ ಹೆಂಗಸರಿಗೂ ಮೊದಲೇ ಗೊತ್ತಿತ್ತು. ಬಾಯಿ ಬಿಟ್ಟರೆ ‘ನಿನ್ನ ತಪ್ಪು ಹಿಟ್ಟಿನ ಮೇಲೆ ಹಾಕ್ತೀಯಾ’ ಅಂದಾರೆಂದು ಸುಮ್ಮನಿದ್ದರು.

ಪುಣೆಯಿಂದ ಮಾಲಕರು ಬಂದು ನೀಲಾಬಾಯಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಫೋಟೊ ತೆಗೆಸಿಕೊಂಡರು.

“ಶಾಲು ಚಲೋ ಅದರಿ,” ಅಂದಳು ಅವಳು ಆಮೇಲೆ ಮಂದಾರನಿಗೆ. “ಕಪಾತದ ರೊಕ್ಕ?”

“ಮ್ಯಾಲಿಂದ ಮಂಜೂರಿ ಬರಬೇಕು ಮಾವಶಿ.”

ಕಪಾತ ನಿಂತಿತು. ಹಿಡಿದದ್ದು ಬರಲಿಲ್ಲ. ಐದು ತಿಂಗಳಾಯಿತು.

ಹೋದ ವಾರ ಮಂದಾರ ಶೇಂಗಾ ಚಟ್ನಿಯ ಪ್ಯಾಕೆಟ್ ಹಿಡಿದು ಅವಳ ಹಂಚಿನ ಹತ್ತಿರ ಬಂದ. “ಅಂಗಡಿಯಿಂದ ಹೊಳ್ಳಿ ಬರಾಕತ್ತದ. ಕಮಟು ವಾಸನಿ. ಚೀಲಗಟ್ಟಲೆ ಚೆಲ್ಲಾಕತ್ತೀವಿ. ನಿಮಗೇನರ ಹೊಳೀತದೇನು?”

ನೀಲಾಬಾಯಿ ಚಿಟಿಕೆ ಬಾಯಿಗೆ ಹಾಕಿಕೊಂಡಳು.

“ಹೊಳೀತರಿ.”

“ಏನು?”

“ಮಂಜೂರಿ ಬರಲ್ರಿ, ಹೇಳತೀನಿ.”

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಉಳಿದ ಮೂವತ್ತು ಮಂದಿ ತಲೆ ಎತ್ತಲಿಲ್ಲ, ಅವರಿಗೂ ಗೊತ್ತಿತ್ತು. ಚಟ್ನಿ ಇವತ್ತೂ ಚೆಲ್ಲುತ್ತಿದ್ದಾರೆ.

ಅನ್ನ ಹಾಳು ಮಾಡುತ್ತಾಳೆಂದು ಅವಳನ್ನು ಬೈಯಬೇಡಿ. ನೀವು ನಾಲ್ಕು ಜನರನ್ನಾದರೂ ಕೂಲಿಗೆ ಇಟ್ಟುಕೊಂಡವರಾಗಿದ್ದರೆ, ಒಡೆದದ್ದಕ್ಕೆ, ಸುಟ್ಟದ್ದಕ್ಕೆ, ಚೆಲ್ಲಿದ್ದಕ್ಕೆ ಎಂದು ಹಿಡಿದುಕೊಂಡ ಹಣವನ್ನು ಈ ತಿಂಗಳ ಪಗಾರದಲ್ಲೇ ವಾಪಸ್ ಹಾಕಿ. ಸಲಹೆ ಆಮೇಲೆ ಕೇಳಿ.