ಉಪ್ಪುನೀರಿಗೆ ಹೊತ್ತಿದ ಬಲ್ಬು

ಮೊನ್ನೆ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಹುಡುಗಿಯೊಬ್ಬಳು ಉಪ್ಪುನೀರಿಗೆ ಎರಡು ತಂತಿ ಇಳಿಸಿ ಪುಟ್ಟ ದೀಪ ಹೊತ್ತಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಆ ತಂತಿ ಎಲ್ಲಿಂದ ಬರುತ್ತಿದೆ ಎಂದು ಬಗ್ಗಿ ನೋಡಿದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ವಿಜ್ಞಾನದ ಮೇಡಂ ಎರಡು ಸೆಲ್ಲು, ಒಂದಿಷ್ಟು ತಂತಿಯಲ್ಲಿ ಅಂಥದ್ದೇ ಸಾಧನ ಮಾಡಿದ್ದರು. ನೀರಿಗೆ ಉಪ್ಪು ಹೆಚ್ಚಿದಷ್ಟೂ ದೀಪ ಜೋರಾಗುತ್ತಿತ್ತು. ಎಳನೀರಿಗೆ ಸುಮ್ಮನೆ ಮಿಣುಕಿತು. ನನಗೆ ಅಷ್ಟು ಬೆಳಕು ಸಾಲಲಿಲ್ಲ.

ಶನಿವಾರ ಅಪ್ಪ ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಹೋಗಿದ್ದರು. ನಾನು ಹಿತ್ತಲಲ್ಲಿ ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಉಪ್ಪು ಸುರಿದು, ತಂತಿ ಇಳಿಸಿ, ಸೆಲ್ಲಿನ ಬದಲು ಗೋಡೆಯ ಪ್ಲಗ್ಗಿನಿಂದ ಮನೆಯ ಕರೆಂಟನ್ನೇ ಕೊಟ್ಟೆ. ದೊಡ್ಡ ಬಲ್ಬು ಝಗ್ಗನೆ ಹೊತ್ತಿತು. ಕುಣಿದಾಡಿದೆ.

ಅಷ್ಟರಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಅಜ್ಜಿ ಕೈ ತೊಳೆಯಲು ಬಕೆಟ್ಟಿನ ಹತ್ತಿರ ಬಂದಳು.

"ಹಾಡಹಗಲೇ ಯಾಕೆ ಬಲ್ಬ್ ಹಾಕಿದ್ದೀಯೇ? ಆರ್ಸೇ" ಎನ್ನುತ್ತಲೇ ಬಾಗಿದಳು.

ಬೇಡ ಎನ್ನಲು ಬಾಯಿ ತೆರೆದೆ. ಅವಳ ಬೆರಳಿಗೂ ನೀರಿಗೂ ಗೇಣಷ್ಟೇ ಉಳಿದಿದ್ದಾಗ ಬಲ್ಬು ಆರಿತು. ಕರೆಂಟ್ ಹೋಗಿತ್ತು.

ಅಜ್ಜಿ ಮೊಣಕೈವರೆಗೂ ಅದ್ದಿ ನಿಧಾನವಾಗಿ ತೊಳೆಯತೊಡಗಿದಳು. ಕರೆಂಟ್ ಯಾವ ಗಳಿಗೆಯಲ್ಲಾದರೂ ವಾಪಸು ಬರಬಹುದಿತ್ತು. ಓಡಿ ಗೋಡೆಯಿಂದ ವೈರು ಕಿತ್ತೆ.

"ಕೈಯೆಲ್ಲ ಚುರುಚುರು ಅಂತದೆ ಕಣೇ, ನೀರ್ಗೆ ಏನ್ ಹಾಕಿದ್ದೀಯೇ?"

"ಉಪ್ಪು" ಎಂದೆ.

"ಉಪ್ಪು ಯಾರಾದ್ರೂ ಹಾಳ್ಮಾಡ್ತಾರೇನೇ!" ಎಂದು ಬೈದು ಒಳಗೆ ಹೋದಳು. ನಾನು ಕಿತ್ತ ವೈರನ್ನು ಹಿಡಿದುಕೊಂಡು ಅಲ್ಲೇ ಕೂತೆ.

ಅಜ್ಜಿ ಆಮೇಲೆ ಬಹಳ ವರ್ಷ ಬದುಕಿದಳು. ಅವಳಿಗೆ ಕೊನೆಯವರೆಗೂ ನಾನು ಇದನ್ನು ಹೇಳಲಿಲ್ಲ. ಈಗ ಕರೆಂಟ್ ಹೋದರೆ ಮನೆಯಲ್ಲಿ ಎಲ್ಲರೂ ಬೈಯುತ್ತಾರೆ. ನಾನೊಬ್ಬಳು ಬೈಯುವುದಿಲ್ಲ.